ಬೆಚ್ಚಗಿಟ್ಟ ತಟ್ಟೆ

ಮಗನ ಮನೆಯಲ್ಲಿ ನಾಲ್ಕು ದಿನ ಇದ್ದು ಬರಲೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಡರ್ಹಾಮ್ ಪ್ರಾಂತದ ಈಸಿಂಗ್ಟನ್ ಕಾಲಿಯರಿ ಎಂಬ ಹಳ್ಳಿಯನ್ನು ನೋಡಿದೆ. 1899ರಲ್ಲಿ ಕಲ್ಲಿದ್ದಲಿನ ಗಣಿ ತೋಡಲಾರಂಭಿಸಿದ ಮೇಲೆ ಬೆಳೆದ ಊರದು. ಸಮುದ್ರದ ಅಡಿಯವರೆಗೂ ಹಬ್ಬಿದ್ದ ಆ ಗಣಿ 1993ರಲ್ಲಿ ಮುಚ್ಚಿತು.

ಊರ ಸ್ಮಶಾನದಲ್ಲಿ ವೃದ್ಧೆಯೊಬ್ಬರು ಹೂವಿಡುತ್ತಿದ್ದರು. ಅಲ್ಲಿಯೇ ಮಾತು ಬೆಳೆಯಿತು.

1951ರ ಮೇ 29ರ ನಸುಕು. ಕಲ್ಲಿದ್ದಲನ್ನು ಕತ್ತರಿಸುವ ಯಂತ್ರದ ಹಲ್ಲು ಗಟ್ಟಿ ಖನಿಜಕ್ಕೆ ತಾಗಿ ಕಿಡಿ ಹಾರಿತು. ತುಂಬಿದ್ದ ಅನಿಲ ಹೊತ್ತಿ ಸ್ಫೋಟಿಸಿತು. ಅದು ಪಾಳಿ ಬದಲಾಗುವ ವೇಳೆ. ಹೊರಡುವವರೂ ಬಂದವರೂ ಒಟ್ಟಿಗೆ ಸಿಕ್ಕಿಕೊಂಡರು. 81 ಮಂದಿ ಗಣಿಗಾರರೂ, ಅವರನ್ನು ರಕ್ಷಿಸಲು ಇಳಿದವರಲ್ಲಿ ಇಬ್ಬರೂ ಮಡಿದರು.

"ನನಗಾಗ ಆರು ವರ್ಷ. ಅಪ್ಪನ ತಟ್ಟೆಯನ್ನು ಅಮ್ಮ ಒಲೆಯ ಪಕ್ಕದಲ್ಲಿ ಬೆಚ್ಚಗಿಟ್ಟಿದ್ದಳು. ಮೂರು ದಿನ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ" ಎಂದರು ಆಕೆ.

"ಗಣಿ ಮುಚ್ಚಿದ್ದು ಒಳ್ಳೆಯದಾಯಿತೆ?" ಎಂದು ಕೇಳಿದೆ.

"ಮೊಮ್ಮಗ ಕೆಳಗಿಳಿಯಬೇಕಾಗಿಲ್ಲ ಎಂಬ ನೆಮ್ಮದಿಯಿದೆ. ಆದರೆ ಅವನಿಗೆ ಊರಿನಲ್ಲಿ ಕೆಲಸವೂ ಇಲ್ಲವಲ್ಲ!"

ಏನು ಹೇಳಬೇಕೆಂದು ತೋಚದೆ ಸುಮ್ಮನಾದೆ.

ಆ ರಾತ್ರಿ ಮಗ ಕೆಲಸದಿಂದ ತಡವಾಗಿ ಬಂದ. ಎಂದಿನಂತೆ ಗದರಿಸಲು ಮನಸ್ಸಾಗಲಿಲ್ಲ. ಸಾರು ಬಿಸಿಮಾಡಿ, ಎದುರಿಗೆ ಕುಳಿತು ಬಡಿಸಿದೆ.