ಹೊಂಗೆ ಮರದ ಕೆಳಗಿನ ಕಾರು

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದ ಬೆರಳುಗಳು ನನ್ನವು. ಒಂದೇ ನೋಟೋ, ಎರಡು ಅಂಟಿಕೊಂಡಿವೆಯೋ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಹಾಗಾಗಿ ಹೊಸ ಕಾರಿನ ಮೇಲಿನ ಬಣ್ಣ ಎಷ್ಟು ದಪ್ಪ ಎಂದು ಮೊಮ್ಮಗಳು ಕೇಳಿದಾಗ ಹೋಲಿಕೆಗಾಗಿ ತಡಕಾಡಬೇಕಾಗಲಿಲ್ಲ. ಹೆಚ್ಚುಕಡಿಮೆ ಒಂದು ನೋಟಿನಷ್ಟು. ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗ. "ಅಷ್ಟೇನಾ?" ಎಂದು ಅವಳು ಬಾನೆಟ್ಟಿನ ಮೇಲಿಟ್ಟಿದ್ದ ಕೈಯನ್ನು ಗಾಬರಿಯಿಂದ ಹಿಂದಕ್ಕೆ ತೆಗೆದುಕೊಂಡಳು.

ಅಷ್ಟರೊಳಗೇ ನಾಲ್ಕು ಪದರಗಳಿವೆ. ಕಾರ್ಖಾನೆಯಲ್ಲಿ ಕಾರಿನ ಇಡೀ ಕವಚವನ್ನು ದೊಡ್ಡ ತೊಟ್ಟಿಯೊಂದರಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಸಂದುಗೊಂದಿಗೂ ಬಣ್ಣ ಅಂಟುವಂತೆ ಮಾಡುತ್ತಾರೆ. ಅದು ತುಕ್ಕು ತಡೆಯುವ ಪದರ. ಅದರ ಮೇಲೆ ಪ್ರೈಮರ್. ಅದರ ಮೇಲೆ ನಾವು ಕಾಣುವ ಕೆಂಪೋ ನೀಲಿಯೋ. ಎಲ್ಲಕ್ಕಿಂತ ಮೇಲೆ ಗಾಜಿನಂತೆ ಪಾರದರ್ಶಕವಾದ ಒಂದು ಪದರ, ಅದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಕಾರು ಹೊಳೆಯುವುದು ಇದರಿಂದಲೇ. ನಮ್ಮ ಕಾಲದ ಅಂಬಾಸಿಡರ್, ಫಿಯಟ್‌ಗಳಿಗೆ ಇದು ಇರಲಿಲ್ಲ. ನಮ್ಮ ಶಾಖೆಯ ಕಾರಿನ ಚಾಲಕ ಶನಿವಾರ ಮಧ್ಯಾಹ್ನ ಪಾಲಿಶ್ ಹಾಕಿ ಉಜ್ಜಿದರೆ ಬಟ್ಟೆಗೂ ಒಂದಿಷ್ಟು ಬಣ್ಣ ಬರುತ್ತಿತ್ತು. ಬಣ್ಣ ಬಂದಷ್ಟೂ ಕೆಲಸ ಚೆನ್ನಾಗಿ ಆಯಿತೆಂದು ಅವನ ಸಂತೋಷ!

ಈ ನೋಟಿನಷ್ಟು ದಪ್ಪದ ಬಣ್ಣಕ್ಕಾಗಿ ನಮ್ಮ ಮನೆಯ ಮುಂದಿನ ಮರ ಹೋಗುವುದರಲ್ಲಿತ್ತು.

ನಮ್ಮ ಮನೆ ಕುಮಾರ ಪಾರ್ಕ್ ಪಶ್ಚಿಮದ ಒಂದು ಅಡ್ಡರಸ್ತೆಯಲ್ಲಿದೆ. ಕಟ್ಟಿದ ಕಾಲದಲ್ಲಿ ಸೈಕಲ್ಲಿಗೆ ಒಂದು ಮೂಲೆ, ತುಳಸಿಕಟ್ಟೆಗೆ ಒಂದು ಮೂಲೆ ಬಿಟ್ಟಿದ್ದರೇ ಹೊರತು ಕಾರಿಗೆಂದು ಯಾರೂ ಜಾಗ ಬಿಟ್ಟಿರಲಿಲ್ಲ. ಆದ್ದರಿಂದ ಕಾರು ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ ನಿಲ್ಲಬೇಕು. ಹೊಂಗೆ ಎಂದರೆ ನಿಮಗೆ ಗೊತ್ತಲ್ಲ, ಚಳಿ ಮುಗಿಯುತ್ತಲೇ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಎಳೆ ಹಸಿರು ಚಿಗುರಿ, ಅಕ್ಕಿಯಂಥ ಹೂವನ್ನು ರಾಶಿ ರಾಶಿ ಸುರಿಯುವ ಮರ. ಬೆಳಿಗ್ಗೆ ಎದ್ದರೆ ಕಾರು ಹೂವಿನ ಚಾದರ ಹೊದ್ದು ಮಲಗಿರುತ್ತದೆ. ನೋಡಲು ಚೆಂದ. ಆದರೆ ಇಬ್ಬನಿಯಲ್ಲಿ ನೆಂದ ಹೂವನ್ನು ಒಣಗಲು ಬಿಟ್ಟರೆ ಕಂದು ಚುಕ್ಕೆ ಉಳಿಯುತ್ತದೆ. ಅದರ ಮೇಲೆ ಕಾಗೆ, ಕೋಗಿಲೆ, ಪಿಕಳಾರ. ಅವುಗಳ ಕೊಡುಗೆಯನ್ನು ಬಿಡಿಸಿ ಹೇಳಬೇಕಿಲ್ಲ.

ಮಗ ಕಾರು ತಂದದ್ದು ಕಳೆದ ಜನವರಿಯಲ್ಲಿ. ಮೊದಲ ವಾರ ದಿನಕ್ಕೆರಡು ಸಲ ಒರೆಸಿದ. ಎರಡನೇ ವಾರ ಮರದ ಕಡೆ ನೋಡತೊಡಗಿದ. ಮೂರನೇ ವಾರ ಗರಗಸದವನೊಬ್ಬನ ಫೋನ್ ನಂಬರು ತಂದ. ಭಾನುವಾರ ನಸುಕಿನಲ್ಲಿ ಬಂದು "ಮೂರೇ ಕೊಂಬೆ" ಕಡಿದು ಹೋಗುತ್ತಾನಂತೆ, ಕಾಗದಪತ್ರ ಏನೂ ಬೇಡವಂತೆ. ಮೂರು ಕೊಂಬೆ ಹೋದರೆ ಆ ಮರದಲ್ಲಿ ಉಳಿಯುವುದು ಒಂದು ಕಂಬ.

ಕರ್ನಾಟಕದಲ್ಲಿ 1976ರಿಂದ ಮರಗಳನ್ನು ಕಾಯುವ ಕಾಯ್ದೆ ಇದೆ. ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ, ಕೊಂಬೆ ಸವರುವುದೂ ಅದರಲ್ಲಿ ಸೇರಿದೆ. ಇದನ್ನು ಮಗನಿಗೆ ಹೇಳಿದೆ. ನಲವತ್ತು ದಾಟಿದ ಮಗನಿಗೆ ಅಪ್ಪ ಕಾನೂನು ಹೇಳಿದರೆ ಆಗುವುದೇನೆಂದು ಅಜ್ಜಂದಿರಿಗೆಲ್ಲ ಗೊತ್ತು. ಆಮೇಲೆ ಲೆಕ್ಕ ಹೇಳಿದೆ, ಅದನ್ನು ಕೇಳಿದ.

ಲೆಕ್ಕ ಇಷ್ಟೇ. ಹಕ್ಕಿಯ ಹಿಕ್ಕೆ, ಹೂವಿನ ಕಲೆ, ಮರದ ಅಂಟು ಎಲ್ಲವೂ ಮೇಲಿನಿಂದ ಬೀಳುವಂಥವು. ಬೇಗ ಕಂಡರೆ ಒರೆಸಬಹುದು. ಆದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಕ್ಲಿಯರ್ ಕೋಟನ್ನು ದಿನದಿನವೂ ಸ್ವಲ್ಪಸ್ವಲ್ಪವೇ ಕೆಡಿಸುತ್ತವೆ, ಅದನ್ನು ಒರೆಸಲಾಗುವುದಿಲ್ಲ. ವರ್ಷಗಟ್ಟಲೆ ಬಯಲಲ್ಲಿ ನಿಂತ ಕಾರುಗಳ ಮೇಲ್ಛಾವಣಿ ನೋಡಿದ್ದೀರಾ? ಬಿಸಿಲಿಗೆ ಸುಟ್ಟ ಬೆನ್ನಿನಂತೆ ಬಿಳಿ ಬಿಳಿಯಾಗಿ ಸಿಪ್ಪೆ ಎದ್ದಿರುತ್ತದೆ. ಬಾಗಿಲುಗಳು ಮಾತ್ರ ಇನ್ನೂ ಹೊಸದರಂತಿರುತ್ತವೆ. ಕೊಂಬೆ ಕಡಿದರೆ ಹಕ್ಕಿ ತಪ್ಪುತ್ತದೆ, ಸೂರ್ಯ ತಪ್ಪುವುದಿಲ್ಲ. "ಮರ ಇರಲಿ, ಮೂರು ತಿಂಗಳಿಗೊಮ್ಮೆ ನಾನು ವ್ಯಾಕ್ಸ್ ಹಚ್ಚುತ್ತೇನೆ" ಎಂದೆ. ಮಗ ಸ್ವಲ್ಪ ಹೊತ್ತು ಯೋಚಿಸಿ, "ಒಂದು ವರ್ಷ ನೋಡೋಣ. ಗುರುತು ಬಿದ್ದರೆ ನಾನು ಅರ್ಜಿ ಹಾಕೋದೇ" ಎಂದ. ಅಷ್ಟು ವಾಯಿದೆ ಸಿಕ್ಕಿತು. ಎಪ್ಪತ್ತನಾಲ್ಕರಲ್ಲಿ ನನಗೊಂದು ಕೆಲಸವೂ ಸಿಕ್ಕಿತು.

ಕಾರು ಕೊಂಡ ಕಡೆ ಐದಂಕಿಯ ಮೊತ್ತಕ್ಕೆ ಏನೋ ಒಂದು ಲೇಪನ ಮಾಡಿಕೊಡುತ್ತೇವೆ ಎಂದಿದ್ದರು. ಅಂಥ ಸೆರಾಮಿಕ್ ಲೇಪನಗಳು ಹೆಚ್ಚು ಕಾಲ ಬರುತ್ತವೆ ಎನ್ನುವುದು ನಿಜ. ಅವನ್ನು ಹಚ್ಚಿಸಿದರೂ ಕಾಗೆಯ ಹಿಕ್ಕೆಯನ್ನು ಅಂದೇ ಒರೆಸಲೇಬೇಕು ಎನ್ನುವುದೂ ನಿಜ, ಅದನ್ನು ಮಾತ್ರ ಅವರು ಮೆಲ್ಲಗೆ ಹೇಳಿದರು. ಒರೆಸುವ ಕೆಲಸ ಹೇಗೂ ತಪ್ಪದಿದ್ದರೆ ವ್ಯಾಕ್ಸ್ ಡಬ್ಬಿಯೇ ಸಾಕೆಂದು ನನ್ನ ಅಭಿಪ್ರಾಯ.

ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ಅಂಗಡಿಯವರೂ ಇವೆರಡನ್ನು ಒಂದೇ ಎನ್ನುವಂತೆ ಮಾತಾಡುತ್ತಾರೆ. ಪಾಲಿಶ್‌ನಲ್ಲಿ ಬಲು ನುಣುಪಾದ ಪುಡಿ ಇರುತ್ತದೆ, ಅದು ಗೀರು ಕಾಣದಂತೆ ಮೇಲಿನ ಪದರವನ್ನೇ ಒಂಚೂರು ಸವೆಸುತ್ತದೆ. ವ್ಯಾಕ್ಸ್ ಏನನ್ನೂ ತೆಗೆಯುವುದಿಲ್ಲ, ಮೇಲೆ ಸೇರುತ್ತದೆ. ನನ್ನ ಭಾಷೆಯಲ್ಲಿ ಪಾಲಿಶ್ ಎಂದರೆ ಖರ್ಚು, ವ್ಯಾಕ್ಸ್ ಎಂದರೆ ಜಮೆ. ಕ್ಲಿಯರ್ ಕೋಟಿನ ಖಾತೆಗೆ ಕಾರ್ಖಾನೆಯವರು ಒಮ್ಮೆ ಹಾಕಿದ್ದೇ ಹಾಕಿದ್ದು, ಮತ್ತೆ ಯಾರೂ ತುಂಬುವುದಿಲ್ಲ. ಹೊಸ ಕಾರಿಗೆ ಪಾಲಿಶ್ ಏಕೆ ಬೇಕು? ಇನ್ನು ಕೆಲವರು ಹೊಸ ಬಣ್ಣ ಹಸಿ ಇರುತ್ತದೆ, ಮೊದಲ ಕೆಲವು ತಿಂಗಳು ವ್ಯಾಕ್ಸ್ ಬೇಡ ಎನ್ನುತ್ತಾರೆ. ಗ್ಯಾರೇಜಿನಲ್ಲಿ ಹೊಸದಾಗಿ ಬಣ್ಣ ಹೊಡೆಸಿದ ಕಾರಿಗೆ ಆ ಮಾತು ಸರಿ. ಕಾರ್ಖಾನೆಯ ಬಣ್ಣವನ್ನು ದೊಡ್ಡ ಒಲೆಯಂಥ ಕೋಣೆಯಲ್ಲಿ ಬೇಯಿಸಿಯೇ ಕಳಿಸಿರುತ್ತಾರೆ.

ಡಬ್ಬಿಯಲ್ಲಿರುವ ವ್ಯಾಕ್ಸ್ ಎಲ್ಲಿಂದ ಬರುತ್ತದೆ ಎಂದು ಮೊಮ್ಮಗಳಿಗೆ ತೋರಿಸಲು ಮಲ್ಲೇಶ್ವರದ ಮಾರುಕಟ್ಟೆಯಿಂದ ಪತ್ರೊಡೆಗೆಂದು ತಂದಿದ್ದ ಕೆಸುವಿನ ಎಲೆಯ ಮೇಲೆ ನೀರು ಹನಿಸಿದೆ. ಹನಿ ಮುತ್ತಿನಂತೆ ಉರುಳಿ ಹೋಯಿತು, ಎಲೆ ನೆನೆಯಲೇ ಇಲ್ಲ. ಎಲೆ ತಾನೇ ತಯಾರಿಸಿಕೊಂಡ ಮೇಣದ ಕೆಲಸ ಅದು. ದ್ರಾಕ್ಷಿಯ ಮೇಲೆ ಬೂದಿಯಂತೆ ಕಾಣುತ್ತದಲ್ಲ, ಅದೂ ಮೇಣವೇ. ಕಾರಿಗೆ ಹಚ್ಚುವ ಒಳ್ಳೆಯ ವ್ಯಾಕ್ಸ್‌ನಲ್ಲಿ ಕಾರ್ನೌಬ ಎಂಬ ಮೇಣವಿರುತ್ತದೆ. ಬ್ರೆಜಿಲ್ ದೇಶದ ಈಶಾನ್ಯದ ಒಣನಾಡಿನಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಮರ, ಬಿಸಿಲಿಗೆ ತನ್ನ ನೀರು ಆರಿಹೋಗದಿರಲೆಂದು ಗರಿಗಳಿಗೆ ಈ ಮೇಣ ಬಳಿದುಕೊಳ್ಳುತ್ತದೆ. ಗರಿ ಒಣಗಿಸಿ ಬಡಿದರೆ ಉದುರುತ್ತದೆ. ಜೇನುಮೇಣ ಸುಮಾರು 62 ಡಿಗ್ರಿಗೆ ಕರಗಿದರೆ ಇದು ಕರಗಲು 80 ಡಿಗ್ರಿ ದಾಟಬೇಕು. ಏಪ್ರಿಲ್ ಮಧ್ಯಾಹ್ನ ಬಾನೆಟ್ ಮುಟ್ಟಿದವರಿಗೆ ಇದರ ಬೆಲೆ ತಿಳಿಯುತ್ತದೆ. ಮಕ್ಕಳೇ, ನೀವು ಇದನ್ನು ತಿಂದಿರಲೂಬಹುದು. ಕೆಲವು ಮಿಠಾಯಿಗಳ ಹೊಳಪು ಇದರದೇ.

ನಮ್ಮ ಚನ್ನಪಟ್ಟಣದ ಬೊಂಬೆಗಳ ಹೊಳಪೂ ಇದೇ ವಂಶದ್ದು. ಅಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಕೂರುತ್ತದೆ. ಆಮೇಲೆ ಒಂದು ಒಣಗರಿ ಹಿಡಿದರೆ ಸಾಕು, ಕನ್ನಡಿಯಂತೆ ಮಿನುಗುತ್ತದೆ. ಅರಗು ಕೊಡುವುದು ಮರದ ಮೇಲೆ ಬದುಕುವ ಒಂದು ಪುಟ್ಟ ಹುಳು. ಇದೇ ಅರಗನ್ನು ನಂಬಿ 1937ರಲ್ಲಿ ಮೈಸೂರಿನಲ್ಲಿ ಮಹಾರಾಜರ ಸರ್ಕಾರ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುಮಾಡಿತು. ಓಟು ಹಾಕಿದವರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಇಂದಿಗೂ ಅಲ್ಲಿಂದಲೇ ಬರುತ್ತದೆ.

ಇನ್ನು ಹಚ್ಚುವ ಕ್ರಮ. ಬೆಳಿಗ್ಗೆ, ನೆರಳಲ್ಲಿ, ಕಾರು ತಣ್ಣಗಿರುವಾಗ. ಮೊದಲು ತೊಳೆಯಬೇಕು, ಒಣ ಬಟ್ಟೆಯಿಂದ ಧೂಳು ಒರೆಸುವುದು ಬೇಡವೇ ಬೇಡ. ಧೂಳು ಎಂದರೆ ಸಣ್ಣ ಕಲ್ಲು. ಹೊಸ ಕಾರಿನ ಮೇಲೆ ಬಿಸಿಲಲ್ಲಿ ಜೇಡರ ಬಲೆಯಂಥ ಗೀರು ಕಾಣುವುದು ಬಹುಪಾಲು ಇದರಿಂದಲೇ. ಪಾತ್ರೆ ತೊಳೆಯುವ ಸೋಪು ಬೇಡ, ಅದು ಹಚ್ಚಿದ ವ್ಯಾಕ್ಸನ್ನೂ ಜಿಡ್ಡೆಂದು ತಿಳಿದು ತೆಗೆದುಬಿಡುತ್ತದೆ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಿಕೊಳ್ಳಲು ಬರೀ ನೀರು. ಪೈಪ್ ಹಿಡಿಯುವ ದಿನಗಳು ಮುಗಿದವು. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿಲ್ಲದಾದಾಗ, ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತ್ತಲ್ಲ. ನಾವು ಡ್ರಮ್ಮಿನಲ್ಲಿ ಹಿಡಿದ ಮಳೆನೀರು ಬಳಸುತ್ತೇವೆ. ಬೋರ್‌ವೆಲ್ ನೀರಿನಂತೆ ಅದು ಒಣಗಿದ ಮೇಲೆ ಬಿಳಿ ಚುಕ್ಕೆ ಬಿಡುವುದಿಲ್ಲ.

ಚೆನ್ನಾಗಿ ಒಣಗಿದ ಮೇಲೆ ವ್ಯಾಕ್ಸ್. ಒಂದು ಸಲಕ್ಕೆ ಒಂದು ಬಾಗಿಲು ಅಥವಾ ಅರ್ಧ ಬಾನೆಟ್. ದೋಸೆಗೆ ಎಣ್ಣೆ ಸವರುವುದಕ್ಕಿಂತಲೂ ತೆಳ್ಳಗೆ. ದಪ್ಪ ಹಚ್ಚಿದರೆ ಹೆಚ್ಚು ದಿನ ಬಾಳಿಕೆ ಬರುವುದಿಲ್ಲ, ಒರೆಸುವ ತೋಳು ನೋಯುತ್ತದೆ ಅಷ್ಟೆ. ಮಂಜು ಕವಿದಂತೆ ಮಬ್ಬಾದ ಮೇಲೆ ಮೃದುವಾದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ಕರಿ ಪ್ಲಾಸ್ಟಿಕ್ಕಿಗೆ ತಾಗಿಸಬಾರದು, ಬೆಳ್ಳಗಾದರೆ ಸುಲಭಕ್ಕೆ ಹೋಗದು. ಮೇಲ್ಛಾವಣಿಗೆ ಈಗ ನನ್ನ ಭುಜ ಏಳುವುದಿಲ್ಲ. ಮೊಮ್ಮಗಳು ಮೆಟ್ಟಿಲ ಮಣೆ ಹತ್ತುತ್ತಾಳೆ, ನಾನು ಮಣೆ ಹಿಡಿದು ನಿಲ್ಲುತ್ತೇನೆ. ನೀರು ಚಿಮುಕಿಸಿದಾಗ ಕೆಸುವಿನ ಎಲೆಯ ಮೇಲಿನಂತೆ ಹನಿ ದುಂಡಗೆ ನಿಂತರೆ ವ್ಯಾಕ್ಸ್ ಇದೆ ಎಂದು ಅರ್ಥ. ನೀರು ಚಪ್ಪಟೆಯಾಗಿ ಹರಡಿದರೆ ಮುಗಿದಿದೆ ಎಂದು.

ಹಿಕ್ಕೆಗೆ ಬೇರೆ ವಿಧಾನ. ಅದರ ಬಿಳಿ ಭಾಗದಲ್ಲಿ ಯೂರಿಕ್ ಆಮ್ಲವಿದೆ, ಒಣಗಿದರೆ ಮರಳಿನಂತೆ ಗರಗಸವೂ ಆಗುತ್ತದೆ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಕಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಬೇಕು, ಉಜ್ಜಬಾರದು. ಗೇಟಿನ ಪಕ್ಕ ಒಂದು ನೀರಿನ ಬಾಟಲಿ, ಒಂದು ಬಟ್ಟೆ ಸದಾ ಇರುತ್ತದೆ.

ಆಯುಧಪೂಜೆಯ ದಿನ ಮನೆಯಾಕೆಯ ಜೊತೆ ಒಂದು ಸಣ್ಣ ಮಾತುಕತೆ ನಡೆಯಿತು. ಒದ್ದೆ ಅರಿಸಿನ ಕುಂಕುಮ ಬಾನೆಟ್ಟಿನ ಮೇಲೆ ಒಣಗಿದರೆ ಕಲೆ ಕೂರುತ್ತದೆ ಎಂದೆ. "ದೇವರ ಕುಂಕುಮ ಒರೆಸ್ತಾರೇನ್ರೀ?" ಎಂದಳು. ಕೊನೆಗೆ ಕುಂಕುಮ ಗಾಜಿಗೆ ಏರಿತು, ಹಾರವನ್ನು ಟೇಪಿನ ಬದಲು ದಾರದಲ್ಲಿ ಕಟ್ಟಿದ್ದಾಯಿತು.

ಹಚ್ಚಿದ ತಾರೀಖುಗಳನ್ನು ಒಂದು ಹಳೆಯ ಲೆಡ್ಜರಿನಲ್ಲಿ ಬರೆಯುತ್ತೇವೆ. ಮಾರ್ಚ್, ಜೂನ್, ಸೆಪ್ಟೆಂಬರ್ ಮೂರೂ ಆಗಿವೆ. ಆದರೆ ಅಕ್ಟೋಬರ್ ಕೊನೆಯಲ್ಲಿ ಶಿವಮೊಗ್ಗದಲ್ಲಿ ಒಂದು ಮದುವೆಗೆಂದು ಎಲ್ಲರೂ ರೈಲಿನಲ್ಲಿ ಹೋಗಿ ನಾಲ್ಕು ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ ಬಾನೆಟ್ಟಿನ ಎಡ ಅಂಚಿನಲ್ಲಿ ಒಂದು ಹಿಕ್ಕೆ ಗಟ್ಟಿಯಾಗಿ ಕೂತಿತ್ತು. ಎರಡು ಸಲ ನೆನೆಸಿ ತೆಗೆದೆವು. ಐವತ್ತು ಪೈಸೆ ನಾಣ್ಯದಷ್ಟು ಅಗಲಕ್ಕೆ ಹೊಳಪು ಮಂಕಾಗಿದೆ. ನೇರ ನೋಡಿದರೆ ಕಾಣದು, ಬೆಳಕಿಗೆ ಓರೆಯಾಗಿ ಬಗ್ಗಿದರೆ ಕಾಣುತ್ತದೆ. ಮಗ ಬಗ್ಗಿ ನೋಡಿದ, ಬೆರಳಿಂದ ಸವರಿದ, ಮರವನ್ನೊಮ್ಮೆ ನೋಡಿದ, ಆಫೀಸಿಗೆ ಹೋದ.

ಇದು ಗುರುತೇ ಅಲ್ಲವೇ ಎನ್ನುವ ಪ್ರಶ್ನೆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಬ್ಯಾಂಕಿನಲ್ಲಿ ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ತಿಳಿಯದ ಮೊತ್ತವನ್ನು ಸಸ್ಪೆನ್ಸ್ ಖಾತೆ ಎಂಬ ಒಂದು ಖಾತೆಯಲ್ಲಿ ಇಟ್ಟಿರುತ್ತಿದ್ದೆವು. ಮೊಮ್ಮಗಳು ಲೆಡ್ಜರಿನಲ್ಲಿ ಆ ಹೆಸರಿನ ಪುಟ ತೆರೆದು, "ಎಡ ಬಾನೆಟ್, ಒಂದು ಕಾಗೆ" ಎಂದು ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದಾಳೆ. ನಾಲ್ಕನೇ ಕೋಟು ಡಿಸೆಂಬರ್ ಮೊದಲ ಭಾನುವಾರ.