ಮೊದಲು ನೀರು, ಆಮೇಲೆ ಊರು

ಕೊಂಕಣ ರೈಲು ಹೊಸದಾಗಿ ಓಡತೊಡಗಿದ್ದ ವರ್ಷ ಅದು, 1998. ಜೂನ್ ತಿಂಗಳಲ್ಲಿ ಗದಗ ಸೀಮೆಯ ನಾನು ಹೊನ್ನಾವರ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಶಿಕ್ಷಕಿಯಾಗಿ ಬಂದೆ. ದೇವಿಮನೆ ಘಟ್ಟ ಇಳಿಯುವಾಗ ಹಿಡಿದ ಮಳೆ ಕುಮಟಾ ದಾಟಿ ಹೊನ್ನಾವರ ಮುಟ್ಟಿದರೂ ಬಿಡಲಿಲ್ಲ. ನಮ್ಮ ಕಡೆ ಮಳೆ ಅಂದರೆ ಬಂದು ಹೋಗುವ ನೆಂಟ. ಇಲ್ಲಿ ಅದೇ ಮನೆಯ ಯಜಮಾನ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಗಾಳಿಗೆ ಮಗುಚಿಕೊಂಡ ಕೊಡೆ ಹಿಡಿದು ಬಾಡಿಗೆ ಮನೆ ಹುಡುಕುತ್ತ ಹೊರಟೆ.

ಮೊದಲು ಹೋದ ಮನೆಯಲ್ಲಿ ಜಗಲಿಯ ಮೇಲಿನಿಂದಲೇ ಪ್ರಶ್ನೆಗಳು ಬಂದವು. ಯಾವ ಊರು, ಯಾವ ಜಾತಿ, ಮದುವೆ ಆಗಿದೆಯೋ ಇಲ್ಲವೋ, ಒಬ್ಬಳೇ ಯಾಕೆ. ಉತ್ತರ ಹೇಳುತ್ತ ನಾನು ಅಂಗಳದಲ್ಲೇ ತೊಯ್ಯುತ್ತಿದ್ದೆ. ಕಡೆಗೆ, 'ಮನೆ ಖಾಲಿ ಇಲ್ಲ' ಅಂದರು. ಎದುರಿಗೇ ಖಾಲಿ ಕೋಣೆಯ ಕಿಟಕಿ ತೆರೆದಿತ್ತು.

ಎರಡನೆಯ ಮನೆ ಅಡಿಕೆ ತೋಟದ ಅಂಚಿನಲ್ಲಿತ್ತು. ಅಲ್ಲಿನ ಅಮ್ಮ ನನ್ನನ್ನು ನೋಡಿದವರೇ, 'ಅಯ್ಯೋ, ಒಳಗೆ ಬನ್ನಿ ಮೊದ್ಲು. ಆಸ್ರಿಗೆ ಎಂತ ಕೊಡ್ಲಿ?' ಅಂದರು. ಆಸ್ರಿ ಎಂಬ ಮಾತೇ ನನಗೆ ಗೊತ್ತಿರಲಿಲ್ಲ. ಸುಮ್ಮನೆ ನಿಂತೆ. ಅವರು ಒಳಗೆ ಹೋಗಿ ಒಂದು ಚೊಂಬು ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದಿಟ್ಟರು. ಮಳೆಯಲ್ಲಿ ಬಂದವಳೆಂದು ನೀರನ್ನು ಬೆಚ್ಚಗೆ ಮಾಡಿದ್ದರು. ನಾನು ಕುಡಿದು ಚೊಂಬು ಕೆಳಗಿಟ್ಟ ಮೇಲೆ ಎದುರಿಗೆ ಕೂತು ಕೇಳಿದರು: 'ಈಗ ಹೇಳಿ ಅಕ್ಕೋರೇ, ಯಾವ ಊರಾಯ್ತು ನಿಮಗೆ?'

ಎರಡೂ ಮನೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಅಲ್ಲಿ ಅದು ಬಾಗಿಲಿಗೆ ಹಾಕಿದ ಅಗುಳಿ, ಇಲ್ಲಿ ಕೂರಲು ಹಾಕಿದ ಮಣೆ. ಕೇಳಿದ ಹೊತ್ತು ಮಾತ್ರ ಬೇರೆ. ನೀರಿನ ಮೊದಲು ಊರು ಕೇಳಿದರೆ ಅದು ವಿಚಾರಣೆ. ನೀರು ಕೊಟ್ಟ ಮೇಲೆ ಕೇಳಿದರೆ ಉಪಚಾರ. ಹೊಸಬರನ್ನು ಬರಮಾಡಿಕೊಳ್ಳುವ ವಿದ್ಯೆಯನ್ನು ಇದಕ್ಕಿಂತ ಚಿಕ್ಕದಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಆ 'ಆಯ್ತು' ಎಂಬ ಮಾತೂ ಅಂದಿನಿಂದ ನನ್ನ ಬೆನ್ನು ಹತ್ತಿತು. ನಮ್ಮ ಕಡೆ 'ಯಾವೂರ್ರೀ ನಿಮ್ದು?' ಅಂತೇವೆ. ಊರು ನಮ್ಮ ಸ್ವತ್ತು ಇದ್ದ ಹಾಗೆ. ಇಲ್ಲಿಯವರ ಬಾಯಲ್ಲಿ ಊರು 'ಆಗುತ್ತದೆ'. ಒಂದು ಊರು ಆದವರಿಗೆ ಇನ್ನೊಂದೂ ಆಗಬಹುದಲ್ಲ ಎಂದು ಆಗ ನನಗೆ ಹೊಳೆದಿರಲಿಲ್ಲ.

ನಾನು ಆ ಮನೆಯಲ್ಲೇ ಉಳಿದೆ. ಕುಚ್ಚಲಕ್ಕಿ ಅನ್ನ, ತಂಬುಳಿ, ಅಪ್ಪೆಹುಳಿ ಎಲ್ಲವನ್ನೂ ಅಮ್ಮ ಪ್ರೀತಿಯಿಂದಲೇ ಬಡಿಸಿದರು. ನಾನೂ ಉಂಡೆ. ಆದರೆ ಜೋಳದ ರೊಟ್ಟಿ ತಿಂದು ಬೆಳೆದ ಹೊಟ್ಟೆ ತಿಂಗಳೊಪ್ಪತ್ತಿನಲ್ಲಿ ತಕರಾರು ತೆಗೆಯಿತು. ಬೆಳಗಿನ ಜಾವ ರೊಟ್ಟಿ ಬಡಿಯುವ ಸಪ್ಪಳ ಕೇಳಿದಂತಾಗಿ ಎಚ್ಚರಾಗುತ್ತಿತ್ತು. ಎದ್ದು ಕೂತರೆ ಹೆಂಚಿನ ಮೇಲೆ ಮಳೆ.

ಆ ದಿನಗಳಲ್ಲೇ ಇಬ್ನ್ ಬತೂತನ ಪ್ರವಾಸದ ವಿವರ ಓದಲು ಸಿಕ್ಕಿತು. ಮೊರೊಕ್ಕೊ ದೇಶದ ಆತ 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದಿದ್ದ. ಆಗ ಇಲ್ಲಿ ಸುಲ್ತಾನ್ ಜಮಾಲುದ್ದೀನನ ಆಳ್ವಿಕೆ. ಅವನ ಮನೆಯ ಊಟವನ್ನು ಬತೂತ ಒಂದೊಂದಾಗಿ ನೆನೆಯುತ್ತಾನೆ: ಅನ್ನ, ಮೇಲೆ ತುಪ್ಪ, ಕಾಳುಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. ಊಟವಾದ ಮೇಲೆ ಕುಡಿಯಲು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಆಗಿಬರುವುದಿಲ್ಲವೆಂದು. ಅಲ್ಲಿಗೆ ಬರುತ್ತಲೇ ನಾನು ಪುಸ್ತಕ ಮಡಚಿದೆ. ಅಮ್ಮ ಕೊಟ್ಟ ಆ ಬೆಚ್ಚಗಿನ ಚೊಂಬಿಗೆ ಇಷ್ಟು ವಯಸ್ಸಾಗಿದೆಯೇ! ಮತ್ತೆ ತೆರೆದರೆ ಮುಂದೆ ಇನ್ನೊಂದು ಮಾತು. ಈ ಸುಲ್ತಾನನ ಬಳಿ ಇನ್ನೊಮ್ಮೆ ಹನ್ನೊಂದು ತಿಂಗಳು ಇದ್ದಾಗ ತಾನು ರೊಟ್ಟಿಯನ್ನೇ ತಿನ್ನಲಿಲ್ಲ, ಇವರದು ಬರೀ ಅನ್ನ ಎಂದು ಬರೆದಿದ್ದಾನೆ. ಸುಮಾರು ಆರೂವರೆ ಶತಮಾನದ ಹಿಂದೆ ಇದೇ ಊರಿನಲ್ಲಿ ಇದೇ ಮಳೆಯ ಸದ್ದು ಕೇಳುತ್ತ ಒಬ್ಬ ರೊಟ್ಟಿಗಾಗಿ ಹಂಬಲಿಸಿದ್ದ. ನನಗೆ ಅಣ್ಣ ಸಿಕ್ಕಷ್ಟು ಸಂತೋಷವಾಯಿತು.

ಅವನು ಇನ್ನೊಮ್ಮೆ ಬಂದದ್ದು ಎಲ್ಲ ಕಳೆದುಕೊಂಡು. ದಿಲ್ಲಿಯಿಂದ ಚೀನಾಕ್ಕೆ ಒಯ್ಯುತ್ತಿದ್ದ ಉಡುಗೊರೆಗಳೆಲ್ಲ ಕಲ್ಲಿಕೋಟೆಯ ಕಡಲಲ್ಲಿ ಬಿರುಗಾಳಿಗೆ ಸಿಕ್ಕಿ ಹೋದವು. ದಿಲ್ಲಿಗೆ ಮರಳಿದರೆ ಮುಹಮ್ಮದ್ ಬಿನ್ ತುಘಲಕ್ ಏನು ಮಾಡುವನೋ ಎಂಬ ಭಯ. ಹಾಗೆ ದಿಕ್ಕೆಟ್ಟಾಗ ಅವನಿಗೆ ನೆನಪಾದದ್ದು ಹೊನ್ನಾವರ. ಹಿಂದೆ ಉಂಡ ಮನೆಯೇ ಕಷ್ಟದಲ್ಲಿ ಕಣ್ಣ ಮುಂದೆ ಬರುವುದು. ಈ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದೂ ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಅವನು ದಾಖಲಿಸಿದ್ದಾನೆ. ಅಕ್ಕೋರಾಗಿ ಬಂದ ನನಗೆ ಆ ಸಾಲು ಬೆನ್ನು ತಟ್ಟಿದ ಹಾಗಿತ್ತು.

ಬತೂತನ ಕಥೆಯನ್ನು ನಾನು ಅಮ್ಮನಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ವಾರದ ಸಂತೆಯಲ್ಲಿ ಘಟ್ಟದ ಮೇಲಿನ ವ್ಯಾಪಾರಿಗಳನ್ನು ಕೇಳಿ ಎರಡು ಸೇರು ಜೋಳದ ಹಿಟ್ಟು ತರಿಸಿದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಒಲೆಯ ಮುಂದೆ ಕೂತಿದ್ದರು. ಮುಂಗೈವರೆಗೆ ಹಿಟ್ಟು. ತಣ್ಣೀರಲ್ಲಿ ಕಲಸಿದ್ದರಿಂದ ಜಿಗಿ ಬಂದಿರಲಿಲ್ಲ. ತಟ್ಟಿದ ರೊಟ್ಟಿಗಳೆಲ್ಲ ಅಂಚು ಬಿರಿದು ಕಾವಲಿಯ ಮೇಲೆ ಮೂರು ಚೂರಾಗಿದ್ದವು. 'ಎಸರು ಹಾಕಿ ನಾದಬೇಕು ಅಮ್ಮ' ಎಂದು ಪಕ್ಕದಲ್ಲಿ ಕೂತೆ. 'ಹಾಂಗಾ? ನೀನೇ ತೋರ್ಸು ತಂಗಿ' ಅಂದರು. ಅಕ್ಕೋರು ಹೋಗಿ ತಂಗಿ ಬಂದದ್ದು ಆ ಸಂಜೆ. ಆ ಮುರುಕು ರೊಟ್ಟಿಯಷ್ಟು ರುಚಿಯಾದ ರೊಟ್ಟಿಯನ್ನು ನಾನು ತವರಲ್ಲೂ ತಿಂದಿಲ್ಲ.

ಬಂದವರಿಗೆ ನಮ್ಮ ಅನ್ನ ಬಡಿಸುವುದು ದೊಡ್ಡದೇ. ಅದರಲ್ಲಿ ನಾವು ಕೊಡುವವರು, ಅವರು ಪಡೆಯುವವರು. ಅವರ ರೊಟ್ಟಿಗೆ ನಾವು ಕೈ ಹಚ್ಚಿದಾಗ, ಬರುವುದಿಲ್ಲ ಕಲಿಸಿಕೊಡು ಅಂದಾಗ, ಈ ಅಂತರ ಕರಗುತ್ತದೆ. ಅನ್ನ ಕೊಡುವ ಮನೆಯಲ್ಲಿ ಅತಿಥಿಯಾಗಿ ಇರಬಹುದು. ಕಲಿಸಲು ಕೇಳುವ ಮನೆಯಲ್ಲಿ ಮಾತ್ರ ಮನೆಯವಳಾಗಿ ಇರಬಹುದು.

ಕಣ್ಣು ತೆರೆದು ನೋಡತೊಡಗಿದ ಮೇಲೆ ಈ ಕರಾವಳಿಯ ತುಂಬ ಇದೇ ಕಥೆ ಕಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಮುಂಬಯಿ ಮಾರುಕಟ್ಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರಾಯಿತು. ಎರೆಹೊಲದ ಬೆಳೆಗೆ ಕಡಲೂರು ತನ್ನ ಹೆಸರು ಕೊಟ್ಟಿತು. ಶರಾವತಿಯ ಮೇಲ್ದಂಡೆಯ ಗೇರುಸೊಪ್ಪೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಚತುರ್ಮುಖ ಬಸದಿಯನ್ನು ತೋರಿಸುತ್ತೇನೆ. ಹದಿನಾರನೆಯ ಶತಮಾನದಲ್ಲಿ ಅಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದರು. ಗೋವೆಯಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಶುರುವಾಗಿ, ದೇವರನ್ನೂ ಭಾಷೆಯನ್ನೂ ಉಳಿಸಿಕೊಳ್ಳಲು ಕೊಂಕಣಿಗರು ತೆಂಕಣಕ್ಕೆ ಹೊರಟಾಗ, ಆ ಜೈನ ರಾಣಿಯ ನಾಡಿನಲ್ಲಿ ಆಸರೆ ಪಡೆದವರೂ ಇದ್ದರು. ಬಸದಿಯ ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಕಡೆಯಿಂದ ಬಂದರೂ ದೇವರ ಬೆನ್ನು ಕಾಣುವುದಿಲ್ಲ, ಮುಖವೇ ಕಾಣುತ್ತದೆ.

ಭಟ್ಕಳದ ನವಾಯತರ ಹೆಸರನ್ನೇ ನೋಡಿ. ಆ ಹೆಸರಿಗೆ 'ಹೊಸದಾಗಿ ಬಂದವರು' ಎಂಬ ಅರ್ಥ ಹೇಳುವವರಿದ್ದಾರೆ. ಅರಬ್ಬಿ ಕಡಲು ದಾಟಿ ವ್ಯಾಪಾರಕ್ಕೆ ಬಂದ ಪೂರ್ವಿಕರು ಇಲ್ಲಿಯ ನೆಲದಲ್ಲಿ ಬೇರು ಬಿಟ್ಟರು. ಅವರು ಮನೆಯಲ್ಲಿ ಆಡುವ ನವಾಯತಿ, ಕೊಂಕಣಿಯ ಮೈಗೆ ಅರಬ್ಬಿ ಪಾರಸಿ ಮಾತುಗಳನ್ನು ನೇಯ್ದ ಭಾಷೆ. ಬಂದವರು ಊರಿನ ಮಾತನ್ನು ಅಡಿಗೆಮನೆಯವರೆಗೆ ಒಯ್ದರೆ, ಊರಿನವರು ಅವರ ಹಬ್ಬ ಮದುವೆಗೆ ಮಲ್ಲಿಗೆ ಕಟ್ಟಿದರು. ಹಿಂದೂ ಮನೆಗಳ ಹಿತ್ತಲಲ್ಲಿ ಬೆಳೆದ ಭಟ್ಕಳ ಮಲ್ಲಿಗೆ ನವಾಯತ ಮದುಮಗಳ ಜಡೆ ಏರುತ್ತದೆ. ರಾಮನವಮಿಗೆ ಚನ್ನಪಟ್ಟಣ ಹನುಮಂತ ದೇವರ ತೇರು. ಅದಕ್ಕೆ ಮುನ್ನ ದೇವಸ್ಥಾನದವರು ಊರಿನ ಹಳೆಯ ಮುಸ್ಲಿಂ ಮನೆತನದವರ ಮನೆಗೆ ಹೋಗಿ ಕರೆದು ಬರುವ ವಾಡಿಕೆ ಇದೆ. 1919ರಲ್ಲಿ ಹುಟ್ಟಿದ ಅಂಜುಮನ್ ಸಂಸ್ಥೆಯ ಕಾಲೇಜುಗಳಲ್ಲಿ ಎಲ್ಲ ಮನೆಗಳ ಮಕ್ಕಳೂ ಓದುತ್ತಾರೆ.

ಇಷ್ಟಿದ್ದೂ 1993ರಲ್ಲಿ ಅದೇ ಭಟ್ಕಳದಲ್ಲಿ ಗಲಭೆ ತಿಂಗಳುಗಟ್ಟಲೆ ಉರಿಯಿತು. ಜೀವಗಳು ಹೋದವು. ಅದನ್ನು ಬಿಟ್ಟು ಬರೀ ಮಲ್ಲಿಗೆಯ ಮಾತಾಡಿದರೆ ಸುಳ್ಳಾಗುತ್ತದೆ. ಶತಮಾನಗಳಿಂದ ಜೊತೆಗಿದ್ದವರನ್ನೂ ಒಂದು ದಿನ 'ಹೊರಗಿನವರು' ಅನ್ನಬಹುದಾದರೆ, ಹೊಸಬತನ ಕಾಲ ಕಳೆದಷ್ಟಕ್ಕೇ ಮುಗಿಯುವುದಲ್ಲ. ಬರಮಾಡಿಕೊಳ್ಳುವುದು ಒಮ್ಮೆ ಮಾಡಿ ಮುಗಿಸುವ ಕೆಲಸವೂ ಅಲ್ಲ, ದಿನಾ ಬೆಳಿಗ್ಗೆ ಅಂಗಳ ಗುಡಿಸಿದ ಹಾಗೆ. ಒಂದು ದಿನ ಬಿಟ್ಟರೆ ಕಸ, ಒಂದು ಮಳೆಗಾಲ ಬಿಟ್ಟರೆ ಕಾಲಿಟ್ಟಲ್ಲಿ ಜಾರುವ ಪಾಚಿ. ಅದಕ್ಕೇ ತೇರಿನ ಆಮಂತ್ರಣ ನನಗೆ ದೊಡ್ಡದಾಗಿ ಕಾಣುತ್ತದೆ. ಕಳೆದ ವರ್ಷ ಕರೆದಿದ್ದೇವಲ್ಲ ಎಂದು ಸುಮ್ಮನಿರದೆ, ಮತ್ತೆ ಹೋಗಿ ಕರೆಯಬೇಕು.

ಈಗ ಘಟ್ಟ ಇಳಿದು ಬರುವವರು ಬೇರೆ. ಕೊಪ್ಪಳ, ಬಾಗಲಕೋಟೆ ಕಡೆಯವರು ಮನೆ ಕಟ್ಟುವ ಕೆಲಸಕ್ಕೆ ಬರುತ್ತಾರೆ. ಒಡಿಶಾ, ಜಾರ್ಖಂಡ್ ಹುಡುಗರು ಮೀನಿನ ಬೋಟುಗಳಲ್ಲಿ ಬಲೆ ಎಳೆಯುತ್ತಾರೆ. ಹತ್ತು ವರ್ಷದ ಹಿಂದೆ ಅಂಥ ಒಂದು ಕೊಪ್ಪಳದ ಮನೆಯ ಹುಡುಗ ನಮ್ಮ ಐದನೇ ತರಗತಿಗೆ ಸೇರಿದ. ಅವನು 'ಹೌದ್ರೀ', 'ಇಲ್ರೀ' ಅಂದಾಗಲೆಲ್ಲ ಹಿಂದಿನ ಬೆಂಚಿನಿಂದ 'ರೀ, ರೀ' ಎಂಬ ಅಣಕ. ಅದು ನನ್ನ ತಾಯಿಯ ಮಾತು. ಗಂಟಲು ಕಟ್ಟಿತು. ಆದರೂ ಬೈಯಲಿಲ್ಲ. 'ನಾಳೆ ಎಲ್ಲರೂ ಮನೆಯಲ್ಲಿ ಕೇಳಿಕೊಂಡು ಬನ್ನಿ, ನಿಮ್ಮ ಮನೆಯವರು ಎಲ್ಲಿಂದ ಬಂದವರು ಅಂತ' ಎಂದೆ.

ಮರುದಿನ ಮಕ್ಕಳು ಉತ್ತರ ತಂದರು. ಒಬ್ಬನ ಅಜ್ಜನ ಅಜ್ಜ ಗೋವೆ ಕಡೆಯಿಂದ ಬಂದಿದ್ದ. ಒಬ್ಬಳ ಅಜ್ಜ ಕಾಸರಕೋಡಿನಿಂದ ಹೊಳೆ ದಾಟಿ ಬಂದವನು. ಒಬ್ಬ ಮಾತ್ರ, 'ನಾವು ಇಲ್ಲಿಯವ್ರೇ' ಎಂದು ಎದೆ ಸೆಟೆಸಿ ನಿಂತ. 'ನಿನ್ನ ಅಮ್ಮ?' ಅಂದೆ. ಯೋಚಿಸಿದ. 'ಅಮ್ಮಂಗೆ ಅಂಕೋಲಾ ಆಯ್ತು.' ತರಗತಿಯೆಲ್ಲ ಒಬ್ಬೊಬ್ಬರಾಗಿ ತಮ್ಮ ಅಮ್ಮಂದಿರ ಊರು ಹೇಳತೊಡಗಿತು. ಹೆಚ್ಚುಕಡಿಮೆ ಎಲ್ಲ ಮನೆಯ ಒಲೆಯ ಮುಂದೆ ಕೂತವಳು ಹೊರಗಿನಿಂದ ಬಂದವಳು! ಸೊಸೆ ಬಂದಾಗ ಕನ್ನಡದವರು ಮನೆಗೆ ಸೇರಿಸಿಕೊಂಡೆವು ಅನ್ನುವುದಿಲ್ಲ, ಮನೆ ತುಂಬಿಸಿಕೊಂಡೆವು ಅನ್ನುತ್ತೇವೆ. ಅವಳು ಬರುವವರೆಗೆ ಮನೆ ತುಂಬಿರಲಿಲ್ಲ ಎಂದೇ ಅದರ ಅರ್ಥ. ಮನೆಗೆ ಗೊತ್ತಿರುವ ಈ ಮಾತನ್ನು ಊರೂ ಕಲಿಯಬೇಕು.

ಆ ಮಧ್ಯಾಹ್ನ ಊಟದ ಹೊತ್ತಿಗೆ ಖಾರ್ವಿಕೇರಿಯ ಹುಡುಗಿಯೊಬ್ಬಳು ಕೊಪ್ಪಳದ ಹುಡುಗನ ಪಕ್ಕ ಹೋಗಿ ಕೂತು, 'ನಿಮ್ಮನೇಲಿ ರೊಟ್ಟಿ ಮಾಡ್ತ್ರಂತಲ್ಲ, ನಾಳೆ ತತ್ಯಾ?' ಎಂದು ಕೇಳಿದಳು. ನಾನು ಹೇಳಿಕೊಟ್ಟಿರಲಿಲ್ಲ. ಮಾರನೆಯ ದಿನ ಅವನು ಹಳೆಯ ಬಟ್ಟೆಯಲ್ಲಿ ಸುತ್ತಿ ನಾಲ್ಕು ಖಡಕ್ ರೊಟ್ಟಿ ತಂದ. ಹಂಚಿ ತಿನ್ನುವ ಸಪ್ಪಳ ಶಾಲೆಯ ಜಗಲಿಯ ತುಂಬ.

ಅಮ್ಮ ಈಗಿಲ್ಲ. ಅವರ ಚೊಂಬು ನನ್ನ ಬಳಿ ಇದೆ. ಅವರ ಮಗಳೇ ಕರೆದು ಕೊಟ್ಟಳು. ಮಳೆಗಾಲದಲ್ಲಿ ಬಾಗಿಲಿಗೆ ಬಂದವರು ಗ್ಯಾಸ್ ಸಿಲಿಂಡರ್ ತಂದ ಹುಡುಗನಿರಲಿ, ಗಾರೆ ಕೆಲಸದ ಹೆಂಗಸಿರಲಿ, ಮೊದಲು ಅದು ಹೊರಗೆ ಬರುತ್ತದೆ. ಊರಿನ ಮಾತು ಆಮೇಲೆ.

ಮೊನ್ನೆ ತವರಿಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಕೇಳಿದರು: 'ಯಾವೂರ್ ತಂಗಿ ನಿಮ್ದು?' ಗದಗ ಎಂದು ಹೇಳಲು ಬಾಯಿ ತೆರೆದವಳು ನನಗರಿವಿಲ್ಲದೆ ಅಂದೆ: 'ನಂಗೆ ಹೊನ್ನಾವರ ಆಯ್ತು, ಅಜ್ಜಿ.'