ಗೂಡಿನಲ್ಲಿದ್ದ ಡಬ್ಬಿ

ಮನೆಯ ಡಬ್ಬಿಗಳೆಲ್ಲ ನಮಗೆ ಗೊತ್ತು ಎಂಬ ಜಂಬ ನಮ್ಮ ಹೆಂಗಸರಿಗೆ. ಕಣ್ಣುಮುಚ್ಚಿ ಕೈಯಿಟ್ಟರೂ ಸಾಸಿವೆ ಯಾವುದು, ಮೆಂತ್ಯ ಯಾವುದು ಎಂದು ಹೇಳಿಬಿಡುತ್ತೇವೆ. ಆದರೆ ಬಂಗಾರಪೇಟೆ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಹೋದಾಗ, ನಡುಮನೆಯ ಗೂಡಿನಲ್ಲಿದ್ದ ಒಂದು ಡಬ್ಬಿಯನ್ನು ಮಾತ್ರ ನಾವು ಮುಟ್ಟುವಂತಿರಲಿಲ್ಲ. ಅದರಲ್ಲೇನಿದೆ ಎಂದು ಕೇಳುವಂತೆಯೂ ಇರಲಿಲ್ಲ.

ಅದು ಮಾವನವರ ಕೋವಿಯ ಮದ್ದು. ಹೊಲಕ್ಕೆ ನುಗ್ಗುವ ಕಾಡುಹಂದಿಗಳನ್ನು ಬೆದರಿಸಲು ಪರವಾನಗಿ ಪಡೆದಿದ್ದ ಹಳೆಯ ಕೇಪಿನ ಕೋವಿ. ಸಂಜೆ ನಡುಮನೆಯಲ್ಲಿ ಕೂತು ನಳಿಗೆಗೆ ಮದ್ದು, ಚರೆ ತುಂಬುವರು. ಬಾಯಲ್ಲಿ ಬೀಡಿ. ಎರಡು ಮಾರು ಆಚೆ ಅತ್ತೆಯ ಸೌದೆ ಒಲೆ. ಪಕ್ಕದವರು ಬಂದು ಮಾತಿಗಿಳಿದರೆ ಮದ್ದು ಹಾಕಿದ್ದು ಒಂದು ಸಲವೋ ಎರಡು ಸಲವೋ ಅವರಿಗೇ ಅನುಮಾನ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದರೆ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಬಹುದು. ನಳಿಗೆಯಲ್ಲಿ ಎರಡು ಪಾಲು ಮದ್ದಿದ್ದರೆ ಗೊತ್ತಾಗುವುದು ಅದು ಸಿಡಿದಾಗಲೇ, ಹಿಡಿದವರ ಮುಖದ ಪಕ್ಕದಲ್ಲೇ. ಹೊಗೆಯಿಲ್ಲದ ಹೊಸ ಮದ್ದನ್ನು ಇಂಥ ಹಳೆಯ ಕೋವಿಗೆ ತುಂಬಿದರಂತೂ ನಳಿಗೆಯೇ ಒಡೆದೀತು.

ಒಂದು ಬೇಸಿಗೆ ರಜೆಗೆ ನಾದಿನಿಯ ಮಗ ಬಂದಿದ್ದ. ಡಬ್ಬಿಯಿಂದ ಒಂದು ಕೇಪು ತೆಗೆದು ಗುಂಡುಕಲ್ಲಿನಿಂದ ಕುಟ್ಟಿದ. ಚೂರು ಹಾರಿ ಹುಬ್ಬು ಸೀಳಿತು. ಅರ್ಧ ಅಂಗುಲ ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು.

ನಮಗೆ ಕೂಗಳತೆಯಲ್ಲೇ ಎನ್ನಬಹುದಾದ ಕೋಲಾರದ ಚಿನ್ನದ ಗಣಿಗಳಲ್ಲಿ, 2001ರಲ್ಲಿ ಬಾಗಿಲು ಮುಚ್ಚುವವರೆಗೂ, ಬಂಡೆ ಒಡೆಯಲು ಸಿಡಿಮದ್ದು ಬಳಸುತ್ತಿದ್ದರು. ಅಂಥ ಮದ್ದನ್ನು ಜನವಸತಿಯಿಂದ ದೂರ, ಅದಕ್ಕೆಂದೇ ಕಟ್ಟಿದ ಮದ್ದಿನ ಮನೆಯಲ್ಲಿ, ಸಿಡಿಸುವ ಕೇಪುಗಳನ್ನು ಬೇರೆಯಾಗಿ ಇಡಬೇಕೆಂಬುದು ನಿಯಮ. ದಿನವೂ ಮದ್ದಿನ ಜೊತೆ ಬದುಕಿದವರಿಗೆ ಅಷ್ಟು ಭಯ. ನಮ್ಮ ಮನೆಯಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ, ತೊಟ್ಟಿಲು ತೂಗುವ ಕೋಣೆಯಲ್ಲಿ!

ಸಿಡಿಯುವುದೊಂದೇ ಅಪಾಯವಲ್ಲ. ಚರೆ ಎಂದರೆ ಸೀಸ. ಅದನ್ನು ಮುಟ್ಟಿದ ಕೈ ತೊಳೆಯದೆ ಮುದ್ದೆ ಮುರಿದರೆ ವಿಷ ಹೊಟ್ಟೆಗೆ ಹೋಗುತ್ತದೆ. ನೆಲಕ್ಕೆ ಬಿದ್ದ ಪುಡಿಯ ಮೇಲೆ ಅಂಬೆಗಾಲಿಡುವ ಕೂಸು ಬೆರಳು ಚೀಪುತ್ತದೆ. ಸೀಸ ಎಳೆಯ ಮಕ್ಕಳ ಮಿದುಳಿಗೇ ಕೇಡು. ಆ ನೆಲ ಗುಡಿಸುತ್ತಿದ್ದವರು ನಾವು. ನಮಗೆ ಇದನ್ನು ಹೇಳಿದವರಿಲ್ಲ.

ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದ ರಾತ್ರಿ, ಎಂದೂ ಎದುರು ಮಾತಾಡದ ಅತ್ತೆ ಮಾವನವರಿಗೆ ಅಂದರು: "ಹಂದಿ ತಿಂದ ಬೆಳೆ ಮತ್ತೆ ಬರುತ್ತೆ ರೀ. ಕಣ್ಣು ಬರಲ್ಲ." ಮಾರನೆಯ ದಿನವೇ ಡಬ್ಬಿ ಮನೆಯಿಂದ ಆಚೆ ಹೋಯಿತು. ಕೆಲವು ತಿಂಗಳಲ್ಲಿ ಕೋವಿಯನ್ನೂ ಮಾವನವರು ಠಾಣೆಗೆ ಒಪ್ಪಿಸಿದರು.

ಕೋವಿಗೆ ಪರವಾನಗಿ ಇದೆಯಲ್ಲ ಎಂದು ಗಂಡಸರು ಹೇಳುತ್ತಾರೆ. ಅದಿದ್ದ ಮಾತ್ರಕ್ಕೆ ಮನೆಯಲ್ಲಿ ಮದ್ದುಗುಂಡು ತಯಾರಿಸುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅದಕ್ಕೆ ಬೇರೆ ಪರವಾನಗಿ ಬೇಕು. ಕಾನೂನಿನ ಮಾತು ಹಾಗಿರಲಿ. ಕೋವಿಯಿರುವ ಮನೆಗೆ ಸೊಸೆಯಾಗಿ ಹೋದವಳು ಅಕ್ಕಿ ಎಲ್ಲಿದೆ, ಬೇಳೆ ಎಲ್ಲಿದೆ ಎಂದು ಕೇಳುವಂತೆಯೇ ಮದ್ದು ಎಲ್ಲಿದೆ, ಬೀಗದ ಕೈ ಯಾರ ಹತ್ತಿರ ಎಂದೂ ಕೇಳಬೇಕು. ಉತ್ತರ ಸಿಗುವವರೆಗೂ ಕೇಳುತ್ತಲೇ ಇರಬೇಕು.